ಸವೆದ ಮೆಟ್ಟಿನ ಪರವಾಗಿ

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ಲೇಖಕಿಯೊಬ್ಬರು ತಮ್ಮ ತಾಯಿಯ ಚಪ್ಪಲಿಗಳನ್ನು ಕುರಿತು ಬರೆದ ಪ್ರಬಂಧವನ್ನು ಓದಿ ನೀವು ಕಳುಹಿಸಿದ ಪತ್ರ ಕೈಸೇರಿದೆ. ಖಾರವಾಗಿಯೇ ಬರೆದಿದ್ದೀರಿ, ಆದರೆ ಚೆನ್ನಾಗಿ ಬರೆದಿದ್ದೀರಿ. ಪತ್ರವನ್ನು ನೋಡದ ಓದುಗರಿಗಾಗಿ ಅದರ ಸಾರವನ್ನು ಮೊದಲು ಹೇಳಿಬಿಡುತ್ತೇನೆ. ಕಾಲ ಕೆಳಗೆ ಇರಬೇಕಾದ ವಸ್ತುವನ್ನು ತಲೆಯ ಮೇಲೆ ಹೊತ್ತು ನಾಲ್ಕು ಪುಟ ಮೆರೆಸಿದ್ದೇವೆ ಎಂಬುದು ನಿಮ್ಮ ಮೊದಲ ಆಕ್ಷೇಪ. ಪಾದರಕ್ಷೆಯ ಮೇಲಿನ ಮಮತೆಯೆಲ್ಲ ಕಂಪನಿಗಳು ಕಲಿಸಿಕೊಟ್ಟ ಪಾಠ, ಜಾಹೀರಾತಿಗೆ ಒಂದಿಷ್ಟು ಕಣ್ಣೀರು ಬೆರೆಸಿದರೆ ಪ್ರಬಂಧವಾಗುತ್ತದೆ ಎಂಬುದು ಎರಡನೆಯದು. ‘ಉತ್ತರ ಬರೆಯುವುದಾದರೆ ದಯವಿಟ್ಟು ಭರತನನ್ನೂ ಪಾದುಕೆಯನ್ನೂ ಎಳೆದು ತರಬೇಡಿ’ ಎಂದು ಆ ಬಾಗಿಲನ್ನೂ ಮುಚ್ಚಿದ್ದೀರಿ. ಆಗಲಿ, ತರುವುದಿಲ್ಲ.

ಇಷ್ಟಾದ ಮೇಲೆ ಸಹಿಯ ಕೆಳಗೆ, ಬೇರೆ ಶಾಯಿಯಲ್ಲಿ, ‘ಒಂದು ಸಣ್ಣ ಸಂಶಯ’ ಎಂದು ಸೇರಿಸಿದ್ದೀರಿ. ನಿವೃತ್ತಿಯ ನಂತರ ಬೆಟ್ಟ ಹತ್ತಬೇಕೆಂದು ಕೊಂಡ ಬೂಟುಗಳನ್ನು ಹಲವು ವರ್ಷ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟಿದ್ದಿರಿ. ಮೊನ್ನೆ ಹಾಕಿಕೊಂಡು ಹೊರಟರೆ ಅರ್ಧ ಗಂಟೆಯೊಳಗೆ ಅಟ್ಟೆ ಪುಡಿಪುಡಿಯಾಗಿ ಉದುರಿತು. ಒಮ್ಮೆಯೂ ಹಾಕದ ಬೂಟು ಹಾಳಾಗುವುದು ಹೇಗೆ, ಅಂಟು ಹಾಕಿ ಸರಿಪಡಿಸಬಹುದೇ ಎಂದು ಕೇಳಿದ್ದೀರಿ.

ಆ ಸಣ್ಣ ಸಂಶಯದಿಂದಲೇ ಆರಂಭಿಸುತ್ತೇನೆ. ಉಳಿದ ಎರಡು ಆಕ್ಷೇಪಗಳಿಗೂ ಅರ್ಧ ಉತ್ತರ ಅಲ್ಲೇ ಇದೆ.

ಇಂಥ ಬೂಟುಗಳಲ್ಲಿ ನೆಲಕ್ಕೆ ತಾಗುವ ಹೊರ ಅಟ್ಟೆ ರಬ್ಬರಿನದು. ಅದಕ್ಕೂ ಮೇಲ್ಭಾಗಕ್ಕೂ ನಡುವೆ, ಹೆಜ್ಜೆಯ ಪೆಟ್ಟನ್ನು ಹೀರಿಕೊಳ್ಳಲು, ಹಗುರವಾದ ಮೆತ್ತನೆಯ ಪದರವೊಂದು ಇರುತ್ತದೆ. ಬಹಳಷ್ಟು ಬೂಟುಗಳಲ್ಲಿ ಅದು ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ನೊರೆ. ಗಾಳಿಯ ತೇವ ಅದರೊಳಕ್ಕೆ ಇಳಿದು ಆ ವಸ್ತುವಿನ ರಾಸಾಯನಿಕ ಕೊಂಡಿಗಳನ್ನು ಒಂದೊಂದಾಗಿ ಕಡಿಯುತ್ತದೆ. ಹೈಡ್ರಾಲಿಸಿಸ್ ಎಂದು ಇದಕ್ಕೆ ಹೆಸರು. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ; ಬಣ್ಣ, ಹೊಳಪು, ಹೊಲಿಗೆ ಎಲ್ಲವೂ ಅಂಗಡಿಯಿಂದ ತಂದ ದಿನ ಇದ್ದಂತೆಯೇ ಇರುತ್ತವೆ. ಮೈಭಾರ ಬಿದ್ದ ಕ್ಷಣ ಒಳಗಿನ ಪದರ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಬೆಚ್ಚಗಿನ, ತೇವದ, ಗಾಳಿಯಾಡದ ಜಾಗದಲ್ಲಿ ಈ ಕೆಲಸ ಇನ್ನೂ ಬೇಗ ಮುಗಿಯುತ್ತದೆ. ಆದ್ದರಿಂದಲೇ ಮುಚ್ಚಿದ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಇಡಬೇಡಿ, ಆಗಾಗ ಹಾಕಿಕೊಂಡು ನಡೆಯಿರಿ ಎಂದು ತಯಾರಕರೇ ಹೇಳುತ್ತಾರೆ. ಅಂಟಿನ ವಿಷಯ: ಆಗುವುದಿಲ್ಲ. ಅಂಟು ಹಿಡಿಯಲು ಎರಡು ಗಟ್ಟಿ ಮೈಗಳು ಬೇಕು. ನಿಮ್ಮ ಬೂಟಿನಲ್ಲಿ ಒಂದು ಮೈ ಪುಡಿಯಾಗಿದೆ. ಮೇಲ್ಭಾಗ ಗಟ್ಟಿಯಾಗಿದ್ದರೆ ಕಸುಬು ಬಲ್ಲವರು ಇಡೀ ಅಟ್ಟೆಯನ್ನು ಕಿತ್ತು ಹೊಸದನ್ನು ಕೂರಿಸಬಲ್ಲರು, ಅಷ್ಟೇ.

ಈಗ ನಿಮ್ಮ ಬೂಟನ್ನು ಆ ತಾಯಿಯ ಚಪ್ಪಲಿಯ ಪಕ್ಕದಲ್ಲಿ ಇಟ್ಟು ನೋಡಿ. ನೀವು ಕಾಪಾಡಿದಿರಿ, ಅದು ಹೋಯಿತು. ಆಕೆ ಕಾಪಾಡುವ ಗೊಡವೆಗೇ ಹೋಗದೆ ಅದನ್ನು ಮೆಟ್ಟಿ ತಿರುಗಾಡಿದರು, ಅದು ಉಳಿಯಿತು. ಉಳಿದದ್ದು ಬರೀ ತೊಗಲಲ್ಲ. ಪ್ರಬಂಧದ ಮೂರನೆಯ ಪುಟದಲ್ಲಿ, ನೀವು ಸಿಟ್ಟಿನ ಭರದಲ್ಲಿ ದಾಟಿ ಹೋಗಿರಬಹುದಾದ ಪ್ಯಾರಾ ಒಂದಿದೆ. ತಾಯಿ ತೀರಿಕೊಂಡ ಮೇಲೆ ಲೇಖಕಿ ಚಪ್ಪಲಿಗಳನ್ನು ಮಗುಚಿ ಹಾಕುತ್ತಾರೆ. ಎಡಗಾಲಿನದರ ಅಟ್ಟೆ ಹಿಮ್ಮಡಿಯ ಬಳಿ ತೂತು ಬೀಳುವಷ್ಟು ತೆಳುವಾಗಿದೆ. ಬಲಗಾಲಿನದರಲ್ಲಿ ಅಚ್ಚಿನ ಗೆರೆಗಳು ಕೂಡ ಇನ್ನೂ ಅಳಿಸಿಲ್ಲ. ತಾಯಿಗೆ ಬಲಮಂಡಿ ನೋಯುತ್ತಿತ್ತು. ವರ್ಷಗಳ ಕಾಲ ಎಡಗಾಲಿಗೇ ಭಾರ ಕೊಟ್ಟು ನಡೆದಿದ್ದರು. ಮನೆಯಲ್ಲಿ ಯಾರೊಡನೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಈ ಸುದ್ದಿ ಆಕೆಯ ಬಟ್ಟೆಯಲ್ಲಾಗಲಿ, ಕನ್ನಡಕದಲ್ಲಾಗಲಿ, ಫೋಟೋದಲ್ಲಾಗಲಿ ಸಿಗುವಂಥದ್ದಲ್ಲ. ಸಂಪಾದಕನಾಗಿ ಹೇಳುತ್ತೇನೆ, ನಾಲ್ಕು ಪುಟ ಕೊಟ್ಟದ್ದು ಆ ಒಂದು ಪ್ಯಾರಾಕ್ಕೆ.

ಅಂಗಿಯನ್ನು ಒಗೆದು ಇಸ್ತ್ರಿ ಮಾಡಿದರೆ ಅದು ಯಾರದೆಂಬ ಗುರುತು ಅಳಿಸಿಹೋಗುತ್ತದೆ. ಪಾದರಕ್ಷೆಯ ಮೇಲೆ ಮೈಯ ಪೂರ್ತಿ ಭಾರ ಬೀಳುತ್ತದೆ, ಪ್ರತಿ ಹೆಜ್ಜೆಗೂ, ಬಿಸಿ ಮತ್ತು ಬೆವರಿನ ಜೊತೆಗೆ. ಒಂದು ಪಾದದಲ್ಲಿ 26 ಮೂಳೆಗಳಿವೆ, ಅವುಗಳ ಜೋಡಣೆ ಇಬ್ಬರಲ್ಲಿ ಒಂದೇ ತೆರನಾಗಿ ಇರುವುದಿಲ್ಲ. ಒಳ ಅಟ್ಟೆಯ ಮೇಲೆ ಐದು ಬೆರಳುಗಳ ಕಪ್ಪು ಕುಳಿಗಳು ಬೀಳುತ್ತವೆ. ಬೆರಳುಗಳು ಮಡಿಚುವ ಕಡೆ ಮೇಲಿನ ತೊಗಲು ಅವರವರದೇ ಕೋನದಲ್ಲಿ ಸುಕ್ಕುಗಟ್ಟುತ್ತದೆ. ಬಹುಪಾಲು ಜನ ಹಿಮ್ಮಡಿಯ ಹೊರ ಅಂಚನ್ನು ಮೊದಲು ಊರುವುದರಿಂದ ಅಟ್ಟೆ ಅಲ್ಲಿ ಹೆಚ್ಚು ಸವೆಯುತ್ತದೆ. ಬೇರೆ ಕಡೆ ಸವೆದಿದ್ದರೆ ಪಾದದ ವೈದ್ಯರು ಕಾಲನ್ನು ನೋಡುವ ಮೊದಲೇ ಒಂದಿಷ್ಟು ಊಹಿಸಿಬಿಡುತ್ತಾರೆ. ಅಳತೆ ಒಂದೇ ಆಗಿದ್ದರೂ ಇನ್ನೊಬ್ಬರ ಹಳೆಯ ಶೂ ಕಾಲು ಕಚ್ಚುವುದು ಇದೇ ಕಾರಣಕ್ಕೆ. ಅದರೊಳಗೆ ಮೊದಲೇ ಒಬ್ಬರು ಇದ್ದಾರೆ.

ಎಡ ಬಲ ಎಂಬ ಭೇದವನ್ನು ಕೂಡ ಒಂದು ಕಾಲದಲ್ಲಿ ಕಾಲೇ ಮಾಡಬೇಕಿತ್ತು. ಹಿಮ್ಮಡಿ ಎತ್ತರದ ಶೂಗಳು ಬಳಕೆಗೆ ಬಂದ ಮೇಲೆ, ಸುಮಾರು ಎರಡು ಶತಮಾನಗಳ ಕಾಲ, ಯುರೋಪಿನಲ್ಲಿ ಎರಡೂ ಕಾಲಿಗೆ ಒಂದೇ ಆಕಾರದ ನೇರ ಶೂಗಳನ್ನು ಹೊಲಿಯುವುದು ಸಾಮಾನ್ಯವಾಗಿತ್ತು. 19ನೇ ಶತಮಾನದಲ್ಲಿ ಎಡ ಬಲಗಳು ಮರಳಿ ಬಂದವು. ಅಲ್ಲಿಯವರೆಗೆ ಯಾವುದು ಎಡ, ಯಾವುದು ಬಲ ಎಂದು ತೀರ್ಮಾನಿಸುತ್ತಿದ್ದುದು ಹಾಕಿಕೊಂಡವರ ನಡಿಗೆ.

ಕಂಪನಿಗಳು ಕಲಿಸಿದ ಪಾಠ ಎಂದಿರಲ್ಲ, ಆ ಮಾತಿಗೆ ಬರುತ್ತೇನೆ. 2008ರಲ್ಲಿ ಅರ್ಮೇನಿಯಾದ ಅರೆನಿ ಎಂಬಲ್ಲಿನ ಗುಹೆಯೊಂದರಲ್ಲಿ ಪುರಾತತ್ವಜ್ಞರಿಗೆ ಒಂದು ಶೂ ಸಿಕ್ಕಿತು. ಬಲಗಾಲಿನದು. ದನದ ತೊಗಲಿನ ಒಂದೇ ತುಂಡನ್ನು ಪಾದದ ಸುತ್ತ ಮಡಿಚಿ, ತೊಗಲಿನದೇ ದಾರದಿಂದ ಲೇಸು ಕಟ್ಟಿದ್ದರು. ಸುಮಾರು 5,500 ವರ್ಷ ಹಳೆಯದು. ಗುಹೆಯ ಒಣ ತಂಪು ಮತ್ತು ಮೇಲೆ ಗಟ್ಟಿಯಾಗಿ ಕೂತಿದ್ದ ಕುರಿ ಹಿಕ್ಕೆಯ ಪದರ ಅದನ್ನು ಕಾಪಾಡಿದ್ದವು. ಒಳಗೆ ಹುಲ್ಲು ತುಂಬಿದ್ದರು. ಅದು ಕಾಲು ಬೆಚ್ಚಗಿರಲೆಂದೋ ಅಥವಾ ಬಿಚ್ಚಿಟ್ಟಾಗ ಶೂವಿನ ಆಕಾರ ಕೆಡದಿರಲೆಂದೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ನಾನು ಎರಡನೆಯದನ್ನು ನಂಬಲು ಬಯಸುವವನು, ಆದರೆ ನನ್ನ ಬಯಕೆ ಪುರಾವೆಯಾಗುವುದಿಲ್ಲ. ಬೆಚ್ಚಗಿರಲೆಂದೇ ತುಂಬಿದ್ದರೂ ಆ ಕಾಲದಲ್ಲಿ ಯಾವ ಕಂಪನಿ ಇತ್ತು, ಯಾವ ಜಾಹೀರಾತು ಇತ್ತು?

ಇಂಗ್ಲೆಂಡಿನ ನಾರ್ಥಾಂಪ್ಟನ್ ಶೂ ತಯಾರಿಕೆಗೆ ಹೆಸರಾದ ಪಟ್ಟಣ. ಅಲ್ಲಿನ ವಸ್ತುಸಂಗ್ರಹಾಲಯ 1950ರ ದಶಕದಿಂದ ಒಂದು ವಿಚಿತ್ರ ಪಟ್ಟಿಯನ್ನು ಇಟ್ಟುಕೊಂಡು ಬಂದಿದೆ. ಹಳೆಯ ಮನೆಗಳನ್ನು ಕೆಡವುವಾಗ ಗೋಡೆಯೊಳಗೆ, ಹೊಗೆಗೂಡಿನ ಅಂಚಿನಲ್ಲಿ, ನೆಲಹಾಸಿನ ಕೆಳಗೆ ಬಚ್ಚಿಟ್ಟ ಶೂಗಳು ಸಿಗುತ್ತಲೇ ಇವೆ. ಹೆಚ್ಚಿನವು ಜೊತೆಯಿಲ್ಲದ ಒಂಟಿ ಶೂಗಳು. ಹೊಸದಂತೂ ಅಪರೂಪ, ತೇಪೆ ಹಾಕಿ, ಮತ್ತೆ ತೇಪೆ ಹಾಕಿ, ಸವೆದು ಸುಣ್ಣವಾದವು. ಅರ್ಧದಷ್ಟು ಮಕ್ಕಳವು. ಕೆಡುಕು ಒಳಗೆ ಬಾರದಿರಲೆಂದು ಇಟ್ಟಿರಬೇಕು ಎಂಬುದು ಬಲ್ಲವರ ಊಹೆ, ಆದರೆ ಇಟ್ಟವರು ಯಾರೂ ಏಕೆಂದು ಬರೆದಿಟ್ಟಿಲ್ಲ. ನಾಚಿಕೆಯೋ, ಗುಟ್ಟೋ ತಿಳಿಯದು. ನೀವೂ ನಿಮ್ಮ ಬೂಟಿನ ವಿಷಯವನ್ನು ಸಹಿಯ ಕೆಳಗೆ ಬರೆದಿರಲ್ಲವೇ.

ಸವೆದ ಶೂ ಯಾರದು ಎಂಬ ಪ್ರಶ್ನೆಗೆ ದೊಡ್ಡವರೇ ಜಗಳವಾಡಿದ್ದಾರೆ. ವಿನ್ಸೆಂಟ್ ವ್ಯಾನ್ ಗೋ 1886ರಲ್ಲಿ ಪ್ಯಾರಿಸ್‌ನಲ್ಲಿದ್ದಾಗ ಒಂದು ಜೊತೆ ಹಳೆಯ ಬೂಟುಗಳನ್ನು ಚಿತ್ರಿಸಿದ. ಲೇಸು ಬಿಚ್ಚಿ ಚೆಲ್ಲಿದೆ, ಒಂದರ ಕೊರಳು ಜೋಲು ಬಿದ್ದಿದೆ, ಸುತ್ತ ಮತ್ತೇನೂ ಇಲ್ಲ. ಜರ್ಮನ್ ತತ್ತ್ವಶಾಸ್ತ್ರಜ್ಞ ಹೈಡೆಗರ್ ಅದರಲ್ಲಿ ರೈತ ಮಹಿಳೆಯೊಬ್ಬಳ ಮೆಟ್ಟನ್ನು ಕಂಡ. ಹೊಲ, ದುಡಿಮೆ, ದಣಿವು ಎಲ್ಲವನ್ನೂ ಆ ಬೂಟಿನ ಕತ್ತಲ ಬಾಯಿಂದ ಹೊರಗೆಳೆದು ಪುಟಗಟ್ಟಲೆ ಬರೆದ. ಕಲಾ ಇತಿಹಾಸಕಾರ ಮೇಯರ್ ಶಪಿರೊ 1968ರಲ್ಲಿ ಅದನ್ನು ಅಲ್ಲಗಳೆದ: ಅವು ರೈತ ಮಹಿಳೆಯವಲ್ಲ, ನಗರದಲ್ಲಿದ್ದ ಚಿತ್ರಕಾರನವೇ, ಹೈಡೆಗರ್ ಕಂಡದ್ದು ತನ್ನ ಮನಸ್ಸನ್ನು ಎಂದ. ವ್ಯಾನ್ ಗೋನನ್ನು ಬಲ್ಲ ಇನ್ನೊಬ್ಬ ಚಿತ್ರಕಾರನ ನೆನಪು ಇಬ್ಬರಿಗಿಂತಲೂ ಸ್ವಾರಸ್ಯವಾಗಿದೆ. ಅವನ ಪ್ರಕಾರ ವ್ಯಾನ್ ಗೋ ಆ ಬೂಟುಗಳನ್ನು ಹಳೆಯ ಸಾಮಾನಿನ ಸಂತೆಯಲ್ಲಿ ಕೊಂಡು ತಂದ. ಅವು ಆಗಲೇ ಪಾಲಿಶ್ ಕಂಡು ಹೊಳೆಯುತ್ತಿದ್ದವು. ಮಳೆ ಬಂದ ಮಧ್ಯಾಹ್ನ ಹಾಕಿಕೊಂಡು ನಡೆದು, ಕೆಸರಾದ ಮೇಲೆಯೇ ಅವು ಚಿತ್ರಕ್ಕೆ ಯೋಗ್ಯವಾದವಂತೆ. ಚಿತ್ರಕಾರನಿಗೂ ಗೊತ್ತಿತ್ತು, ನಡೆಯದ ಬೂಟಿನಲ್ಲಿ ನೋಡಲು ಏನೂ ಇಲ್ಲ ಎಂದು.

ಹಾಗೆಂದು ನಿಮ್ಮ ಎರಡನೆಯ ಆಕ್ಷೇಪವನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಸೀಮಿತ ಸಂಖ್ಯೆಯಲ್ಲಿ ಬಿಡುಗಡೆಯಾದ ಸ್ನೀಕರ್‌ಗಳನ್ನು ಕೊಂಡು, ಪೆಟ್ಟಿಗೆ ಬಿಚ್ಚದೆ, ಬೆಲೆ ಏರಲೆಂದು ಕಾದು ಕೂರುವ ದೊಡ್ಡ ಸಮುದಾಯವೇ ಇಂದು ಇದೆ. ಅಲ್ಲಿ ಒಮ್ಮೆ ಕಾಲಿಗೆ ಹಾಕಿದರೂ ಬೆಲೆ ಬಿದ್ದುಹೋಗುತ್ತದೆ. ಇದನ್ನು ಮಮತೆ ಎಂದು ಕರೆಯಲು ನನಗೂ ಮನಸ್ಸಿಲ್ಲ. ಹೂಡಿಕೆ ಎಂದರೆ ಸಾಕು. ಆದರೆ ಆ ಸಂತೆಯಲ್ಲಿಯೂ ತಮಾಷೆ ನೋಡಿ. 2023ರಲ್ಲಿ ಹರಾಜಿನಲ್ಲಿ 22 ಲಕ್ಷ ಡಾಲರ್‌ಗೂ ಮೀರಿ ಬೆಲೆ ಬಂದದ್ದು ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ ಮೈಕೆಲ್ ಜೋರ್ಡಾನ್ 1998ರ ಅಂತಿಮ ಸರಣಿಯ ಪಂದ್ಯವೊಂದರಲ್ಲಿ ತೊಟ್ಟು ಆಡಿದ್ದ ಶೂಗಳಿಗೆ. ಅವನ ಬೆವರು ಅದಕ್ಕೆ ತಗಲದೆ ಇದ್ದಿದ್ದರೆ ಅಷ್ಟು ಹಣ ಯಾರು ಸುರಿಯುತ್ತಿದ್ದರು? ಇನ್ನೊಂದು ತುದಿಯಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲಾ ಇದ್ದಾನೆ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಹೊಸ ಶೂ ಕಾಲಿಗೆ ಹೊಂದಲಿಲ್ಲವೆಂದು ಬರಿಗಾಲಿನಲ್ಲೇ ಮ್ಯಾರಥಾನ್ ಓಡಿ ಗೆದ್ದ. ನಾಲ್ಕು ವರ್ಷದ ನಂತರ ಟೋಕಿಯೊದಲ್ಲಿ ಶೂ ಹಾಕಿಕೊಂಡು ಮತ್ತೆ ಗೆದ್ದ. ಹೊಂದಿಕೊಳ್ಳದ ಶೂವಿಗಿಂತ ಬರಿಗಾಲು ಮೇಲು ಎಂಬುದನ್ನು ಅವನಷ್ಟು ಚೆನ್ನಾಗಿ ಯಾರೂ ತೋರಿಸಿಲ್ಲ.

ಕಾಲ ಕೆಳಗಿನ ವಸ್ತು ಎಂಬ ನಿಮ್ಮ ಮೊದಲ ಮಾತಿಗೆ ಬುಡಾಪೆಸ್ಟ್ ನಗರದ ಒಂದು ಸ್ಮಾರಕವೇ ಉತ್ತರ ಕೊಡಲಿ. ಡ್ಯಾನ್ಯೂಬ್ ನದಿಯ ದಂಡೆಯಲ್ಲಿ 2005ರಲ್ಲಿ 60 ಜೊತೆ ಕಬ್ಬಿಣದ ಶೂಗಳನ್ನು ಸ್ಥಾಪಿಸಿದರು. 1944-45ರ ಚಳಿಗಾಲದಲ್ಲಿ ಆ್ಯರೋ ಕ್ರಾಸ್ ಎಂಬ ಹಂಗೆರಿಯ ಫ್ಯಾಸಿಸ್ಟ್ ಪಡೆಯವರು ಯೆಹೂದಿಗಳನ್ನು ಅಲ್ಲಿ ಸಾಲಾಗಿ ನಿಲ್ಲಿಸಿ, ಶೂ ಬಿಚ್ಚಿಸಿ, ಗುಂಡು ಹೊಡೆದು ನದಿಗೆ ಬೀಳಿಸುತ್ತಿದ್ದರು. ಶೂ ಬಿಚ್ಚಿಸಿದ್ದು ಏಕೆಂದರೆ ಯುದ್ಧಕಾಲದಲ್ಲಿ ಶೂಗೆ ಬೆಲೆಯಿತ್ತು. ಹಾಕಿಕೊಂಡವರಿಗೆ ಇರಲಿಲ್ಲ. ಆ ಸ್ಮಾರಕದಲ್ಲಿ ಒಂದು ಮುಖವಿಲ್ಲ, ಒಂದು ದೇಹವಿಲ್ಲ. ಗಂಡಸರ ಬೂಟು, ಹೆಂಗಸರ ಹಿಮ್ಮಡಿ ಶೂ, ಮಗುವಿನ ಪುಟ್ಟ ಶೂ, ನೀರಿನ ಕಡೆಗೆ ಮುಖ ಮಾಡಿ, ಒಂದು ವಾಲಿಕೊಂಡು, ಒಂದು ಸೊಟ್ಟಗೆ. ನಿಂತಿದ್ದವರು ಎಷ್ಟು ಎತ್ತರ, ಎಷ್ಟು ವಯಸ್ಸು ಎಂದು ನೋಡುವವರ ಕಣ್ಣು ತಾನೇ ಅಳೆಯತೊಡಗುತ್ತದೆ. ಅಂಗಿಗಳನ್ನು ನೇತುಹಾಕಿದ್ದರೆ ಇದು ಆಗುತ್ತಿತ್ತು ಎಂದು ನನಗೆ ಅನ್ನಿಸುವುದಿಲ್ಲ.

ಹಾಗಾದರೆ ಹಳೆಯದನ್ನೆಲ್ಲ ಕೂಡಿಟ್ಟುಕೊಳ್ಳಬೇಕೇ ಎಂದು ನೀವು ಕೇಳಿಲ್ಲ, ಆದರೆ ನಿಮ್ಮ ದನಿಯಲ್ಲಿ ಆ ಪ್ರಶ್ನೆ ಇದೆ. ಬೇಡ. ಬೂಸು ಹಿಡಿದದ್ದು, ಕಾಲಿಗೂ ಬೆನ್ನಿಗೂ ನೋವು ತರುವುದು, ಯಾವ ನೆನಪನ್ನೂ ಹೇಳದ್ದು ಹೋಗಲಿ. ಇಟ್ಟುಕೊಳ್ಳುವುದನ್ನು ಗಾಳಿಯಾಡುವ ಕಡೆ ಇಡಿ, ಒಳಗೆ ಹಳೆಯ ಕಾಗದ ತುರುಕಿ, ಪ್ಲಾಸ್ಟಿಕ್ ಚೀಲದಲ್ಲಿ ಮಾತ್ರ ಕಟ್ಟಬೇಡಿ. ತೀರಿಕೊಂಡವರದ್ದಾದರೆ ಒಳ ಅಟ್ಟೆಯನ್ನು ಉಜ್ಜಿ ಹೊಳಪು ಮಾಡುವ ಉತ್ಸಾಹವೂ ಬೇಡ. ಉಳಿಸಿಕೊಳ್ಳಬೇಕೆಂದು ನೀವು ಇಟ್ಟಿರುವುದೇ ಆ ಕಲೆಯನ್ನು. ನನ್ನ ಬಳಿಯೂ ಒಂದು ಜೊತೆ ಇದೆ. ಯಾರದೆಂದು ಹೇಳಿದರೆ ನೀವು ಅದನ್ನೂ ಜಾಹೀರಾತು ಎನ್ನುತ್ತೀರಿ.

ನಿಮ್ಮ ಬೂಟುಗಳನ್ನಂತೂ ಹಿಂದೆಮುಂದೆ ನೋಡದೆ ಎಸೆದುಬಿಡಿ. ಅವು ನಿಮ್ಮೊಡನೆ ಅರ್ಧ ಗಂಟೆ ಮಾತ್ರ ನಡೆದಿವೆ, ಅವುಗಳ ಋಣ ನಿಮ್ಮ ಮೇಲೆ ಏನೂ ಇಲ್ಲ. ಹೊಸ ಜೊತೆಯನ್ನು ಸಂಜೆಯ ಹೊತ್ತು ಕೊಳ್ಳಿ, ದಿನವೆಲ್ಲ ಓಡಾಡಿದ ಕಾಲು ಆಗ ಕೊಂಚ ಊದಿಕೊಂಡಿರುತ್ತದೆ. ಕೊಂಡ ವಾರವೇ ಹಾಕಿಕೊಂಡು ನಡೆಯಲು ಹೊರಡಿ, ಆದರೆ ಬೆಟ್ಟಕ್ಕೆ ಮೊದಲು ಒಂದಷ್ಟು ದಿನ ಸಮತಟ್ಟಾದ ದಾರಿಯಲ್ಲಿ ಪಳಗಿಸಿ.

ನಿಮ್ಮ ಪತ್ರವನ್ನು ಮುಂದಿನ ಸಂಚಿಕೆಯ ಓದುಗರ ಪುಟದಲ್ಲಿ ಪ್ರಕಟಿಸುತ್ತಿದ್ದೇವೆ. ಸಹಿಯ ಕೆಳಗಿನ ಭಾಗವನ್ನೂ ಸೇರಿಸಿಯೇ ಹಾಕಬೇಕೆಂದು ನನ್ನ ಆಸೆ. ಆಕ್ಷೇಪವಿದ್ದರೆ ತಿಂಗಳ ಕೊನೆಯೊಳಗೆ ತಿಳಿಸಿ. ಇಲ್ಲವಾದರೆ ಒಪ್ಪಿಗೆಯಿದೆ ಎಂದುಕೊಳ್ಳುತ್ತೇನೆ.

ಇಂತಿ,
ಸಂಪಾದಕ