ಕನ್ನಡ ಆರಿಸಿದರೂ ಮುಖಪುಟಕ್ಕೆ ಬಂದಾಗ ಮತ್ತೆ ಇಂಗ್ಲಿಷ್! ಬಳಕೆದಾರರ ಭಾಷೆಯನ್ನು ವೆಬ್ ಆ್ಯಪ್ ನೆನಪಿಡುವುದು ಹೇಗೆ?

ಲಾಗಿನ್ ಆದವರ ಆಯ್ಕೆಯನ್ನು ಡೇಟಾಬೇಸಿನಲ್ಲಿ ಅವರ ಖಾತೆಯ ಜೊತೆಗೇ ಬರೆದಿಡಿ. ಉಳಿದವರಿಗೆ ಒಂದು ಕುಕೀ ಸಾಕು. ಸರ್ವರ್‌ಗೆ ತಾನಾಗಿ ಯಾರ ಗುರುತೂ ಉಳಿಯುವುದಿಲ್ಲ, ಪ್ರತಿ ಪುಟವನ್ನು ಕೇಳುವಾಗಲೂ ನೀವು ಅದಕ್ಕೆ ಹೊಸಬರೇ. ಬ್ರೌಸರ್ ಪ್ರತಿಸಲ ಜೊತೆಗೆ ಕಳಿಸುವ ಆ ಪುಟ್ಟ ಚೀಟಿ, ಅಂದರೆ ಕುಕೀ, ನೋಡಿಯೇ ಅದು ಕನ್ನಡ ಪುಟ ಕೊಡುವುದು.

ಕುಕೀಯಲ್ಲಿ ಭಾಷೆಯ ಸಂಕೇತ ಮಾತ್ರ ಇರಲಿ: ಕನ್ನಡಕ್ಕೆ ‘ಕೆಎನ್’, ತುಳುವಿಗೆ ‘ಟಿಸಿವೈ’. ಮ್ಯಾಕ್ಸ್-ಏಜ್ (ಕುಕೀ ಉಳಿಯುವ ಅವಧಿ) 31536000 ಸೆಕೆಂಡು ಕೊಡಿ, ಅಂದರೆ 365 ದಿನ. ಅವಧಿಯನ್ನೇ ಕೊಡದಿದ್ದರೆ ಬ್ರೌಸರ್ ಮುಚ್ಚಿದಾಗ ಸಾಮಾನ್ಯವಾಗಿ ಆಯ್ಕೆ ಅಳಿಸಿಹೋಗುತ್ತದೆ.

ನಿಮ್ಮ ತೊಂದರೆಯ ಮೂಲ ಬಹುಶಃ ಕುಕೀಯ ‘ಪಾತ್’, ಅಂದರೆ ಕುಕೀ ತಾಣದ ಯಾವ ವಿಳಾಸಗಳಿಗೆ ಹೋಗಬೇಕೆಂಬ ಸೂಚನೆ. ಅದನ್ನು ‘/’ (ಇಡೀ ತಾಣ) ಎಂದು ಸ್ಪಷ್ಟವಾಗಿ ಬರೆಯದಿದ್ದರೆ, ‘/ಸೆಟ್ಟಿಂಗ್ಸ್/ಭಾಷೆ’ ವಿಳಾಸದಲ್ಲಿ ಇಟ್ಟ ಕುಕೀ ‘/ಸೆಟ್ಟಿಂಗ್ಸ್’ ಒಳಗಿನ ಪುಟಗಳಿಗಷ್ಟೇ ಹೋಗುತ್ತದೆ. ಮುಖಪುಟಕ್ಕೆ ಅದು ತಲುಪುವುದೇ ಇಲ್ಲ.

ಬ್ರೌಸರ್ ತನ್ನೊಳಗೇ ಮಾಹಿತಿ ಇಟ್ಟುಕೊಳ್ಳುವ ಲೋಕಲ್ ಸ್ಟೋರೇಜ್ ಬೇಡ. ಅದು ಸರ್ವರ್‌ಗೆ ಕಾಣುವುದಿಲ್ಲ; ಹಾಗಾಗಿ ಮೊದಲು ಇಂಗ್ಲಿಷ್ ಪುಟ ಮಿಂಚಿ, ಆಮೇಲೆ ಕನ್ನಡ ಬರುತ್ತದೆ.

ಮೊದಲ ಭೇಟಿಯಲ್ಲಿ ಬ್ರೌಸರ್ ಕಳಿಸುವ ‘ಆ್ಯಕ್ಸೆಪ್ಟ್-ಲ್ಯಾಂಗ್ವೇಜ್’, ಅಂದರೆ ಬೇಕಾದ ಭಾಷೆಗಳ ಪಟ್ಟಿಯನ್ನು ನೋಡಿ. ಊರು ನೋಡಿ ಭಾಷೆ ಊಹಿಸುವುದು ಮಾತ್ರ ನಮ್ಮ ಕಡೆ ನಡೆಯದು: ಮಂಗಳೂರಿನ ಒಂದೇ ಬೀದಿಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಲ್ಲವೂ ಕಿವಿಗೆ ಬೀಳುತ್ತವೆ, ಮಣಿಪಾಲದಲ್ಲಿ ಕುಳಿತು ನೋಡುವವರು ದೇಶದ ಯಾವ ಮೂಲೆಯವರೂ ಆಗಿರಬಹುದು. ಒಮ್ಮೆ ಅವರೇ ಆರಿಸಿದ ಮೇಲೆ ಆ ಆಯ್ಕೆಯೇ ಅಂತಿಮ, ಯಾವ ಊಹೆಯೂ ಅದನ್ನು ಬದಲಿಸಬಾರದು.

ಇಷ್ಟಾದರೂ ಭಾಷೆ ಅದಲುಬದಲಾದರೆ ಕ್ಯಾಶ್ (ಬೇಗ ಕೊಡಲೆಂದು ಪುಟಗಳ ಪ್ರತಿ ತೆಗೆದಿಡುವ ಜಾಗ) ಪರೀಕ್ಷಿಸಿ: ಒಂದೇ ವಿಳಾಸದಲ್ಲಿ ಎರಡು ಭಾಷೆಗಳಿದ್ದರೆ ಒಬ್ಬರಿಗೆ ತೆಗೆದಿಟ್ಟ ಪುಟ ಇನ್ನೊಬ್ಬರಿಗೆ ಹೋಗಿಬಿಡಬಹುದು.