ಹೃದಯದ ಸುತ್ತ ನೀರು, ಮೊದಲು ಟಿಬಿ ಅಂದರು, ಈಗ ಕ್ಯಾನ್ಸರ್ ಅನ್ನುತ್ತಿದ್ದಾರೆ. ಹೇಗೆ?

ಸಿರುಗುಪ್ಪದಿಂದ ನೀವು ಕೇಳಿದ್ದು: ತಂದೆಯವರ ಹೃದಯದ ಸುತ್ತಲಿನ ನೀರು ತೆಗೆದಾಗ ಕ್ಯಾನ್ಸರ್ ಕಣ ಸಿಗಲಿಲ್ಲ, ಟಿಬಿ ಮಾತ್ರೆ ಕೊಟ್ಟರು, ಈಗ ಪೆರಿಕಾರ್ಡಿಯಲ್ ಮೀಸೋಥೆಲಿಯೋಮಾ, ಅಂದರೆ ಹೃದಯದ ಚೀಲದ ಕ್ಯಾನ್ಸರ್, ಅನ್ನುತ್ತಿದ್ದಾರೆ. ಮೊದಲೇ ಯಾಕೆ ಗೊತ್ತಾಗಲಿಲ್ಲ? ಮನೆಯ ಆಸ್ಬೆಸ್ಟಾಸ್ ಶೀಟಿನಿಂದ ಬಂತಾ?

ಬಳ್ಳಾರಿಯಲ್ಲಿ ನಮ್ಮ ಸೋದರಮಾವನಿಗೂ ಇದೇ ಆಗಿತ್ತು.

ಹೃದಯ ಎರಡು ಪದರದ ತೆಳು ಚೀಲದೊಳಗಿರುತ್ತದೆ. ಬಡಿಯುವಾಗ ಉಜ್ಜದಿರಲಿ ಎಂದು ನಡುವೆ 15ರಿಂದ 50 ಮಿಲಿಲೀಟರ್ ನೀರು ಎಲ್ಲರಿಗೂ ಇರುತ್ತದೆ. ಈ ಕ್ಯಾನ್ಸರ್ ಹುಟ್ಟುವುದು ಆ ಪದರದಲ್ಲೇ. ನೀರು ಜಾಸ್ತಿಯಾಗುತ್ತದೆ, ಚೀಲ ದಪ್ಪವಾಗಿ ಬಿಗಿಯುತ್ತದೆ, ಹೃದಯಕ್ಕೆ ರಕ್ತ ತುಂಬಿಕೊಳ್ಳಲು ಜಾಗ ಸಾಲುವುದಿಲ್ಲ. ಮಾವನಿಗೆ ಮೊದಲು ಕಾಲು ಬಾತವು. ಆಮೇಲೆ ಮಲಗಿದರೆ ಉಸಿರು ಕಟ್ಟುತ್ತಿತ್ತು, ಗೋಡೆಗೆ ಒರಗಿ ಕೂತೇ ರಾತ್ರಿ ಕಳೆಯುತ್ತಿದ್ದರು.

ಟಿಬಿಯಲ್ಲೂ ಹೀಗೇ ಆಗುತ್ತದೆ. ನಮ್ಮ ದೇಶದಲ್ಲಿ ಇಂಥ ನೀರಿಗೆ ಟಿಬಿ ದೊಡ್ಡ ಕಾರಣ, ಈ ಕ್ಯಾನ್ಸರ್ ತೀರಾ ಅಪರೂಪ. ಮೊದಲು ಟಿಬಿ ಅಂದುಕೊಂಡದ್ದರಲ್ಲಿ ತಪ್ಪಿಲ್ಲ. ಆದರೆ ಕ್ಯಾನ್ಸರ್ ಕಣಗಳು ನೀರಿಗೆ ಉದುರಲೇಬೇಕು ಎಂದಿಲ್ಲ. ಉದುರಿದರೂ, ಊತದಿಂದ ರೂಪ ಬದಲಾದ ಒಳ್ಳೆಯ ಕಣಗಳಂತೆಯೇ ಕಾಣಬಹುದು. ‘ಕಣ ಸಿಗಲಿಲ್ಲ’ ಅಂದರೆ ‘ಕ್ಯಾನ್ಸರ್ ಇಲ್ಲ’ ಅಂತಲ್ಲ. ಇದನ್ನು ನಮಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಮಾತ್ರೆ ನುಂಗುತ್ತಿದ್ದರೂ ನೀರು ಮತ್ತೆ ಮತ್ತೆ ತುಂಬಿತು. ಕೊನೆಗೆ ಚೀಲದ ಚೂರು ತೆಗೆದು ಬಯಾಪ್ಸಿ ಮಾಡಿದಾಗಲೇ ತಿಳಿದದ್ದು.

ಶೀಟಿನ ವಿಷಯ. ಶ್ವಾಸಕೋಶದ ಪೊರೆಗೆ ಬರುವ ಮೀಸೋಥೆಲಿಯೋಮಾಕ್ಕೆ ಆಸ್ಬೆಸ್ಟಾಸ್ ಧೂಳು ಮುಖ್ಯ ಕಾರಣ. ಹೃದಯದ ಚೀಲದ್ದಕ್ಕೆ ಆ ನಂಟು ಅಷ್ಟು ಗಟ್ಟಿಯಾಗಿಲ್ಲ, ಧೂಳು ಸೋಕದವರಿಗೂ ಬಂದಿದೆ. ತಂದೆಯವರು ಹಿಂದೆ ಶೀಟು ಕೊಯ್ಯುವ, ಒಡೆಯುವ ಕೆಲಸ ಮಾಡಿದ್ದರೆ ಡಾಕ್ಟರಿಗೆ ತಿಳಿಸಿ. ಸುಮ್ನೆ ಆ ಸೂರಿನಡಿ ಬದುಕಿದ್ದಕ್ಕೆ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ.

ಮುಚ್ಚಿಡುವುದಿಲ್ಲ, ಇದು ಕಷ್ಟದ ಕಾಯಿಲೆ. ಮಾವ ವರ್ಷ ತುಂಬುವ ಮೊದಲೇ ಹೋದರು. ಆಪರೇಷನ್ ಆಗುವಂತಿದ್ದರೆ ಚೀಲವನ್ನು ಕತ್ತರಿಸಿ ತೆಗೆಯುತ್ತಾರೆ. ಪೆಮೆಟ್ರೆಕ್ಸೆಡ್ ಜೊತೆ ಸಿಸ್‌ಪ್ಲಾಟಿನ್ ಕೊಡುವ ಕೀಮೋ ಇದೆ. ನೀರು ಹೊರಹೋಗಲು ಚೀಲದಲ್ಲಿ ಕಿಂಡಿ ಮಾಡುವುದೂ ಇದೆ. ಅದಾದ ಮೇಲೆ ಮಾವ ಚಾಪೆಯ ಮೇಲೆ ಅಂಗಾತ ಮಲಗಿ ನಿದ್ದೆ ಮಾಡಿದ್ದನ್ನು ನಾನೇ ನೋಡಿದ್ದೇನೆ.

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವುದಾದರೆ ರಿಪೋರ್ಟ್ ಮಾತ್ರ ಒಯ್ಯಬೇಡಿ. ಬಯಾಪ್ಸಿಯ ಸ್ಲೈಡು, ಆ ಚೂರನ್ನು ಇಟ್ಟಿರುವ ಮೇಣದ ಬ್ಲಾಕು ಎರಡನ್ನೂ ಲ್ಯಾಬಿನಿಂದ ಕೇಳಿ ಪಡೆಯಿರಿ. ನಾವು ಅದನ್ನು ಬಿಟ್ಟು ಹೋಗಿ, ತರಲು ಮತ್ತೆ ಬಳ್ಳಾರಿಗೆ ಬರಬೇಕಾಯಿತು.