ಆ ಸನ್‌ಸ್ಕ್ರೀನ್ ಸಾಲು ತೆಗೀರಿ

ನಮಸ್ಕಾರ. ದ್ಯುತಿಸಂಶ್ಲೇಷಣೆ ಮಾಡೋ ಬ್ಯಾಕ್ಟೀರಿಯಾಗಳಲ್ಲಿ ಕ್ಯಾರೊಟಿನಾಯ್ಡ್ (ಕ್ಯಾರೆಟ್‌ಗೆ ಬಣ್ಣ ಕೊಡೋ ಜಾತಿಯ ವರ್ಣವಸ್ತು) ಏನ್ ಕೆಲ್ಸ ಮಾಡುತ್ತೆ ಅನ್ನೋ ನಿಮ್ಮ ಲೇಖನ ಎರಡು ಸಲ ಓದ್ದೆ. ಈಗಿರೋ ಹಾಗೆ ಹಾಕೋಕಾಗಲ್ಲ, ಅದನ್ನ ಮೊದಲೇ ಹೇಳ್ಬಿಡ್ತೀನಿ. ಆದ್ರೆ ವಾಪಸ್ ಕಳ್ಸಿ ಸುಮ್ನಿರೋಕೂ ಮನಸ್ಸು ಬರ್ಲಿಲ್ಲ, ಯಾಕಂದ್ರೆ ಈ ವಿಷಯನ ಕನ್ನಡದಲ್ಲಿ ಬರೀತೀನಿ ಅಂತ ಕೂರೋರೇ ಕಮ್ಮಿ, ನೀವು ಕೂತಿದೀರಿ, ಚೆನ್ನಾಗಿ ಓದ್ಕೊಂಡೂ ಇದೀರಿ.

ನನಗೆ ತಡೆದಿದ್ದು ಒಂದು ಸಾಲು. "ಕ್ಯಾರೊಟಿನಾಯ್ಡ್‌ಗಳು ಬ್ಯಾಕ್ಟೀರಿಯಾಗಳಿಗೆ ಸನ್‌ಸ್ಕ್ರೀನ್ ಇದ್ದಂತೆ, ಬೆಳಕನ್ನು ತಡೆದು ಕೋಶವನ್ನು ಕಾಪಾಡುತ್ತವೆ" ಅಂತ ಬರ್ದಿದೀರಿ. ಓದೋಕೆ ಸಲೀಸಾಗಿದೆ, ಆದ್ರೆ ನಿಜ ಅಲ್ಲ. ಸನ್‌ಸ್ಕ್ರೀನ್ ಕೆಲ್ಸ ಬೆಳಕು ಒಳಗೆ ಹೋಗದ ಹಾಗೆ ನೋಡ್ಕೊಳ್ಳೋದು, ಇಲ್ಲಿ ನಡೆಯೋದು ಬೇರೆ. ಅದರ ಹಿಂದಿನ ಪ್ಯಾರಾದಲ್ಲೇ ನೀವು ಕ್ಯಾರೊಟಿನಾಯ್ಡ್ ಬೆಳಕನ್ನ ಹಿಡಿದು ಬ್ಯಾಕ್ಟೀರಿಯೋಕ್ಲೋರೊಫಿಲ್‌ಗೆ ಕೊಡುತ್ತೆ ಅಂದಿದೀರಿ, ಅದು ಸರಿ (ಬ್ಯಾಕ್ಟೀರಿಯೋಕ್ಲೋರೊಫಿಲ್ ಅಂದ್ರೆ ಗಿಡದ ಪತ್ರಹರಿತ್ತಿನ ಹಾಗೆ ಈ ಬ್ಯಾಕ್ಟೀರಿಯಾಗಳಲ್ಲಿ ಬೆಳಕು ಹೀರೋ ವಸ್ತು). ಹಿಡಿದು ಕೊಡೋದೂ ಅದೇ, ತಡೆಯೋದೂ ಅದೇ ಅಂದ್ರೆ ಓದೋರು ಯಾವ್ದನ್ನ ನಂಬ್ಬೇಕು?

ಅಪಾಯ ಹುಟ್ಟೋದು ಬೆಳಕು ಒಳಗೆ ಬಂದ ಮೇಲೆ. ಬ್ಯಾಕ್ಟೀರಿಯೋಕ್ಲೋರೊಫಿಲ್ ಬೆಳಕು ಹೀರ್ಕೊಂಡು ಉದ್ರೇಕ ಆಗುತ್ತೆ, ಸಾಮಾನ್ಯವಾಗಿ ಆ ಶಕ್ತಿ ತಕ್ಷಣ ರಿಯಾಕ್ಷನ್ ಸೆಂಟರ್‌ಗೆ, ಅಂದ್ರೆ ಬೆಳಕಿನ ಶಕ್ತಿನ ರಾಸಾಯನಿಕ ಶಕ್ತಿಯಾಗಿ ಬದಲಾಯಿಸೋ ಜಾಗಕ್ಕೆ, ಹೋಗ್ಬಿಡುತ್ತೆ, ಹೋಗೋಕೆ ದಾರಿ ಇಲ್ದೇ ಉಳ್ಕೊಂಡ್ರೆ ಮಾತ್ರ ಟ್ರಿಪ್ಲೆಟ್ ಅನ್ನೋ ಇನ್ನೊಂದು ಉದ್ರೇಕದ ಸ್ಥಿತಿಗೆ ಜಾರುತ್ತೆ, ಆ ಸ್ಥಿತಿ ಬೇಗ ಕರಗಲ್ಲ, ಅಷ್ಟರಲ್ಲಿ ಪಕ್ಕದಲ್ಲಿ ಆಮ್ಲಜನಕ ಸಿಕ್ಕಿದ್ರೆ ಶಕ್ತಿನ ಅದಕ್ಕೆ ದಾಟಿಸಿ ಸಿಂಗ್ಲೆಟ್ ಆಕ್ಸಿಜನ್ (ಶಕ್ತಿ ತುಂಬ್ಕೊಂಡ, ಸಿಕ್ಕಿದ್ದರ ಜೊತೆ ಪ್ರತಿಕ್ರಿಯಿಸೋ ಆಮ್ಲಜನಕ) ಮಾಡ್ಬಿಡುತ್ತೆ. ಅದು ಪೊರೆಯ ಕೊಬ್ಬು, ಪ್ರೋಟೀನ್, ಕೊನೆಗೆ ತನ್ನನ್ನ ಹುಟ್ಟಿಸಿದ ಬ್ಯಾಕ್ಟೀರಿಯೋಕ್ಲೋರೊಫಿಲ್ಲನ್ನೂ ಹಾಳು ಮಾಡುತ್ತೆ. ಕ್ಯಾರೊಟಿನಾಯ್ಡ್ ಅಲ್ಲೇ ಅಂಟ್ಕೊಂಡ ಹಾಗೆ ಕೂತಿರುತ್ತೆ, ಆಮ್ಲಜನಕ ಬಂದು ತಾಗೋಕೆ ಮುಂಚೆನೇ ಆ ಟ್ರಿಪ್ಲೆಟ್ ಶಕ್ತಿನ ತಾನು ತಗೊಂಡು ಶಾಖವಾಗಿ ಬಿಟ್ಬಿಡುತ್ತೆ. ತಗೊಂಡ ಮೇಲೆ ಅದರ ಹತ್ರ ಇರೋ ಶಕ್ತಿ ಸಿಂಗ್ಲೆಟ್ ಆಕ್ಸಿಜನ್ ಹುಟ್ಟಿಸೋಕೆ ಸಾಲದು. ನಿಮ್ಮ ಲೇಖನದಲ್ಲಿ ಇರ್ಬೇಕಾಗಿದ್ದು ಇದು, ನಿಮ್ಮ ಹೋಲಿಕೆ ಇದನ್ನೇ ಮುಚ್ಚಿಬಿಟ್ಟಿದೆ.

ಇನ್ನೊಂದು, ನನಗೆ ನಿಜವಾಗ್ಲೂ ಬೇಜಾರಾಗಿದ್ದು. ಏಳನೇ ಪ್ಯಾರಾದಲ್ಲಿ "1955ರಲ್ಲಿ ಈ ಪಾತ್ರ ಪ್ರಯೋಗದಿಂದ ಸಾಬೀತಾಯಿತು" ಅಂತ ಒಂದೇ ಸಾಲು ಬರ್ದು ಮುಂದೆ ಹೋಗಿದೀರಿ. ಅಲ್ಲಿ ನಿಲ್ಲಿ ದಯವಿಟ್ಟು. ಗ್ರಿಫಿತ್ಸ್, ಸಿಸ್ಟ್ರಾಮ್, ಕೋಹೆನ್-ಬಜೀರ್, ಸ್ಟಾನಿಯರ್ ಅನ್ನೋ ವಿಜ್ಞಾನಿಗಳ ಹತ್ರ ಈಗ ರೋಡೋಬ್ಯಾಕ್ಟರ್ ಸ್ಫೀರಾಯ್ಡಿಸ್ ಅಂತ ಕರೆಯೋ ನೇರಳೆ ಬ್ಯಾಕ್ಟೀರಿಯಾದ ಒಂದು ಮ್ಯುಟೆಂಟ್ (ಜೀನ್ ಬದಲಾದ ತಳಿ) ಇತ್ತು, ಬಣ್ಣದ ಕ್ಯಾರೊಟಿನಾಯ್ಡ್ ಮಾಡೋ ಶಕ್ತಿ ಕಳ್ಕೊಂಡಿದ್ದು, ಹಾಗಾಗಿ ನೀಲಿ-ಹಸಿರು ಬಣ್ಣ. ಅದನ್ನ ಗಾಳಿ ಇಲ್ದೇ ಬೆಳಕಲ್ಲಿ ಇಟ್ರು, ಆರಾಮಾಗಿ ಬೆಳೀತು. ಕತ್ತಲೆಯಲ್ಲಿ ಗಾಳಿ ಕೊಟ್ರು, ಆಗ್ಲೂ ಬೆಳೀತು. ಬೆಳಕು ಗಾಳಿ ಎರಡನ್ನೂ ಒಟ್ಟಿಗೆ ಕೊಟ್ಟಾಗ ಅದರ ಬ್ಯಾಕ್ಟೀರಿಯೋಕ್ಲೋರೊಫಿಲ್ ನಾಶ ಆಯ್ತು, ಕೋಶಗಳು ಸತ್ತವು. ಕ್ಯಾರೊಟಿನಾಯ್ಡ್ ಇದ್ದ ಮೂಲ ತಳಿ ಅದೇ ಬೆಳಕು, ಅದೇ ಗಾಳಿಯಲ್ಲಿ ಉಳೀತು. ಒಂದೊಂದೇ ಕೊಟ್ರೆ ಏನೂ ಆಗದ್ದು ಎರಡೂ ಸೇರಿದ್ರೆ ಕೊಲ್ಲುತ್ತೆ, ಇದಕ್ಕಿಂತ ಒಳ್ಳೇ ಆರಂಭ ನಿಮಗೆ ಎಲ್ಲಿ ಸಿಗುತ್ತೆ ಹೇಳಿ? ಲೇಖನ ಆ ನೀಲಿ-ಹಸಿರು ಬಾಟಲಿಯಿಂದ ಶುರುವಾಗ್ಲಿ, "ಪ್ರಕೃತಿ ಬಣ್ಣಗಳ ಆಗರ" ಅನ್ನೋ ಮೊದಲ ಪ್ಯಾರಾ ಪೂರ್ತಿ ಹೋಗ್ಲಿ.

ಬೆಳಕು ಹಿಡಿಯೋ ಭಾಗ ನೀವು ಚೆನ್ನಾಗೇ ಬರ್ದಿದೀರಿ, ಬ್ಯಾಕ್ಟೀರಿಯೋಕ್ಲೋರೊಫಿಲ್ ಸರಿಯಾಗಿ ಹೀರದ 450ರಿಂದ 550 ನ್ಯಾನೋಮೀಟರ್ ಬೆಳಕನ್ನ ಕ್ಯಾರೊಟಿನಾಯ್ಡ್ ಹಿಡಿಯುತ್ತೆ ಅನ್ನೋದು ಹಾಗೇ ಇರ್ಲಿ. ಆದ್ರೆ "ಪೂರ್ತಿ ಶಕ್ತಿಯನ್ನು ವರ್ಗಾಯಿಸುತ್ತವೆ" ಅನ್ನೋದು ಎಲ್ಲಾ ಕ್ಯಾರೊಟಿನಾಯ್ಡ್‌ಗೂ ಹೊಂದಲ್ಲ. ಸ್ಫೀರಾಯ್ಡೀನ್ ಅನ್ನೋ ಕ್ಯಾರೊಟಿನಾಯ್ಡ್‌ನಲ್ಲಿ ಒಂದು ಬಿಟ್ಟು ಒಂದರಂತೆ ಸರಪಳಿಯಾಗಿ 10 ಡಬಲ್ ಬಾಂಡ್ (ಕಾರ್ಬನ್ ಪರಮಾಣುಗಳ ನಡುವಿನ ಜೋಡಿ ಬಂಧ) ಇವೆ, ಅದು 90%ಗಿಂತ ಹೆಚ್ಚು ದಾಟಿಸುತ್ತೆ. 13 ಇರೋ ಸ್ಪಿರಿಲೋಕ್ಸಾಂಥಿನ್ ಸುಮಾರು ಮೂರನೇ ಒಂದು ಭಾಗ ಅಷ್ಟೇ. ಸರಪಳಿ ಉದ್ದ ಆದಷ್ಟೂ ಉದ್ರೇಕದ ಸ್ಥಿತಿ ಬೇಗ ಆರಿಹೋಗುತ್ತೆ, ಕೊಡೋಕೆ ಟೈಮೇ ಸಿಗಲ್ಲ. ಈ ಎರಡು ಹೆಸರು ಸಾಕು, ನೀವು ಕೊಟ್ಟಿರೋ ಹದಿನಾಲ್ಕು ಹೆಸರಿನ ಪಟ್ಟಿ ಯಾರೂ ಓದಲ್ಲ.

"ಇವು ಆಮ್ಲಜನಕ ಬಿಡುಗಡೆ ಮಾಡುತ್ತವೆ" ಅನ್ನೋದನ್ನೂ ತಿದ್ದಿ. ಆಮ್ಲಜನಕ ಬಿಡೋದು ಸಯನೋಬ್ಯಾಕ್ಟೀರಿಯಾ, ನೀವು ಹೇಳ್ತಿರೋ ನೇರಳೆ ಬ್ಯಾಕ್ಟೀರಿಯಾ ಬಿಡಲ್ಲ. ಇದನ್ನ ತಿದ್ದಿದ ಕೂಡ್ಲೇ ಒಂದು ಪ್ರಶ್ನೆ ಏಳುತ್ತೆ, ಆಮ್ಲಜನಕ ಮಾಡದ ಜೀವಿಗೆ ಆಮ್ಲಜನಕದಿಂದ ರಕ್ಷಣೆ ಯಾಕೆ ಬೇಕು ಅಂತ. ಉತ್ತರನೂ ನೀವೇ ಕೊಡಿ: ಅದು ಇರೋ ನೀರಲ್ಲಿ ಗಾಳಿ ಒಂದೇ ಸಮ ಇರಲ್ಲ, ಹೆಚ್ಚುಕಮ್ಮಿ ಆಗ್ತಾನೇ ಇರುತ್ತೆ. ರೋಡೋಬ್ಯಾಕ್ಟರ್ ಕಲ್ಚರ್‌ಗೆ ಸ್ವಲ್ಪ ಗಾಳಿ ಬಿಟ್ರೆ ಸ್ಫೀರಾಯ್ಡೀನ್ ಹೋಗಿ ಸ್ಫೀರಾಯ್ಡಿನೋನ್ ಅನ್ನೋ ಇನ್ನೊಂದು ಕ್ಯಾರೊಟಿನಾಯ್ಡ್ ಆಗುತ್ತೆ, ಹಳದಿ-ಕಂದು ಇದ್ದದ್ದು ಕೆಂಪಾಗುತ್ತೆ. ಕಣ್ಣಿಗೆ ಕಾಣೋ ಬದಲಾವಣೆ ಇದು, ಬರೀರಿ.

ಕ್ಯಾನ್ಸರ್ ತಡೆಯುತ್ತೆ ಅನ್ನೋ ಕೊನೇ ಪ್ಯಾರಾ ಬೇಡ, ಅದಕ್ಕೂ ಈ ಲೇಖನಕ್ಕೂ ಸಂಬಂಧ ಇಲ್ಲ. ಕ್ಯಾರೆಟ್ ಫೋಟೋನೂ ಬೇಡ. ಅದರ ಬದ್ಲು ಮೂಲ ತಳಿಯ ಬಾಟಲಿ, ನೀಲಿ-ಹಸಿರು ಮ್ಯುಟೆಂಟ್ ಬಾಟಲಿ ಅಕ್ಕಪಕ್ಕ ಇಟ್ಟಿರೋ ಚಿತ್ರ ನೀವೇ ಬಿಡಿಸಿ ಕಳ್ಸಿ, ಪೆನ್ಸಿಲ್‌ನಲ್ಲಾದ್ರೂ ಪರವಾಗಿಲ್ಲ. ಹೊಸ ಪ್ರತಿ ಬಂದ ದಿನಾನೇ ಓದ್ತೀನಿ.